ಖಾಡಿಯ ದಂಡೆಯ ಸಾಕ್ಷಿಗಳು

ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸು ಬಸವಣ್ಣನವರ ಕಲ್ಯಾಣದತ್ತ ಹರಿಯುವುದು ಸಹಜವಾದರೂ, ನಾನಿಲ್ಲಿ ಹೇಳಹೊರಟಿರುವುದು ಠಾಣೆಗೆ ನೆರೆಯಾಗಿ ಉಲ್ಹಾಸ ನದಿಯ ತೀರದಲ್ಲಿರುವ ಇನ್ನೊಂದು ಕಲ್ಯಾಣದ ಸೀಮೆಯ ವೃತ್ತಾಂತವನ್ನು. ಯವನ ನಾವಿಕರು ಬಲ್ಲ ಈ ರೇವುಪಟ್ಟಣದ ಜನರು ಕನ್ಹೇರಿಯ ಗುಹೆಗಳಿಗೆ ದಾನವಿತ್ತಾಗ ತಮ್ಮ ಊರಿನ ಹೆಸರನ್ನು ಬಂಡೆಯ ಮೇಲೆ ಕೊರೆಯಿಸಿದರು; ನಾಲ್ಕು ಜನ ಕಾಣುವೆಡೆಯಲ್ಲಿ ಬರೆದಿಡುವ ಸಂಪ್ರದಾಯವು ಇಲ್ಲಿ ಸಾತವಾಹನರ ಕಾಲದಷ್ಟು ಹಳೆಯದು.

ಅದೇ ಸೀಮೆಯ ಠಾಣೆ ಖಾಡಿಗೆ ರಾಜಹಂಸಗಳು ಹಿಂಡುಹಿಂಡಾಗಿ ಬರತೊಡಗಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ಇಳಿತದಲ್ಲಿ ನೀರು ಸರಿದು ಬಯಲಾದ ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ಸೋಸಿ ಸೋಸಿ ಮೇಯುವ ಈ ಹಕ್ಕಿಯು, ಭರತವೇರಿ ಕೆಸರು ಮುಳುಗಿದೊಡನೆ ಒಳನಾಡಿನ ತೆಳುನೀರಿನ ಕೆರೆಗಳಿಗೆ ಹಾರಿ ಒಂಟಿಕಾಲಿನ ಮೇಲೆ ದಣಿವಾರಿಸಿಕೊಳ್ಳುವುದರಿಂದ, ಖಾಡಿಯನ್ನು ಕಾಯ್ದು ಕೆರೆಯನ್ನು ಕೈಬಿಟ್ಟರೆ ಅದಕ್ಕೆ ಉಣ್ಣಲು ಕೊಟ್ಟು ಮಲಗಲು ಕೊಡದಂತಾಗುವುದು. ನಡೆದದ್ದೂ ಅದೇ. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಕಾಡಿನ ನಾಶಕ್ಕೆ ತಡೆಯೊಡ್ಡಿತು. 2015ರಲ್ಲಿ ಖಾಡಿ ಅಭಯಾರಣ್ಯವಾಯಿತು. 2022ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಯನ್ನೂ ಸೇರಿತು. ನವಿ ಮುಂಬಯಿಯ ನೆರೂಳಿನ ಡಿಪಿಎಸ್ ಕೆರೆ ಮಾತ್ರ ಗಡಿಯ ಹೊರಗುಳಿಯಿತು.

ಭರತದ ನೀರು ಒಳಬರುವ ದಾರಿ ಕಟ್ಟಿ, ಕೆರೆ ಒಣಗಿ, 2024ರಲ್ಲಿ ಅಲ್ಲಿ ರಾಜಹಂಸಗಳು ಸತ್ತವು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಕಡಿತ ತಡೆಯಲು ಮರವನ್ನಪ್ಪಿಕೊಂಡ ಜನರ ಸುದ್ದಿ ಕಾಲ್ನಡಿಗೆಯಲ್ಲಿ, ಬೀದಿನಾಟಕಗಳಲ್ಲಿ ಊರೂರಿಗೆ ಹೋಗಿತ್ತು. ಇಲ್ಲಿ ಕೆರೆಯ ಸುದ್ದಿ ಕೈಯೊಳಗಿನ ಫೋನಿನಿಂದ ಹೊರಟಿತು. ಮುಂಜಾನೆ ನಡೆದಾಡಲು ಬಂದವರು ನೀರಿನ ಬಾಯಿಗೆ ಅಡ್ಡಬಿದ್ದ ಮಣ್ಣನ್ನು, ಬಿರಿದ ಕೆಸರನ್ನು, ದಂಡೆಯಲ್ಲಿ ಕೊರಳು ಚಾಚಿ ಬಿದ್ದ ಗುಲಾಬಿ ರೆಕ್ಕೆಯ ಹಕ್ಕಿಯನ್ನು ಚಿತ್ರಗಳಲ್ಲಿ ಸೆರೆಹಿಡಿದು ವಾಟ್ಸಾಪ್ ಗುಂಪುಗಳಿಗೂ ಎಕ್ಸ್ ಜಾಲಕ್ಕೂ ಹಾಕಿದರು. ನ್ಯಾಟ್‌ಕನೆಕ್ಟ್‌ನಂತಹ ಪರಿಸರ ಸಂಸ್ಥೆಗಳು ಅವನ್ನೇ ದೂರುಗಳಿಗೆ ಲಗತ್ತಿಸಿದವು. ಚಿತ್ರ ನೋಡಿದವರು ಬಂದು ಕೆರೆಯ ಬಳಿ ಕೈಕೈ ಹಿಡಿದು ನಿಂತರು. ಜಾಲದ ಬರಹಕ್ಕೆ ಆಯುಸ್ಸಿಲ್ಲವೆನ್ನುವ ಹಿರಿಯರ ಮಾತನ್ನು ನಾನು ಒಪ್ಪಲಾರೆ: ದಿನ, ವೇಳೆ, ಸ್ಥಳ ಮೂರನ್ನೂ ಹೊತ್ತ ಒಂದು ಚಿತ್ರಕ್ಕೆ, ನೂರು ಸಹಿಗಳ ಮನವಿಗಿಲ್ಲದ ಸಾಕ್ಷಿಬಲವಿದೆ.

2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ವನ್ಯಜೀವಿ ಮಂಡಳಿಯು ಸುಮಾರು 30 ಎಕರೆಯ ಆ ಕೆರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ಸಮ್ಮತಿಸಿತು. ಆ ನೀರಿನ ಬಾಯಿಯ ಚಿತ್ರಗಳು ಅನಂತರವೂ ಬರುತ್ತಲೇ ಇವೆ.