ಹಸುವಿನ ಬೇಗೆಯನ್ನು ಅಳೆದ ಬಗೆ

ಬೇಗೂರು ಎಂದೊಡನೆ 'ಬೆಂಗಳೂರು' ಎಂಬ ಹೆಸರುಳ್ಳ ಒಂಬತ್ತನೆಯ ಶತಮಾನದ ವೀರಗಲ್ಲು ನಿಮಗೆ ನೆನಪಾದೀತು. ಬಡಾವಣೆಗಳು ಸುತ್ತುವರಿದ ಇಂಥ ಊರುಗಳ ಹಳೆಯ ಮನೆಗಳಲ್ಲಿ ಇಂದಿಗೂ ಒಂದೆರಡು ಸೀಮೆಹಸುಗಳಿರುವುದುಂಟು. ಮರದ ನೆರಳಿಲ್ಲದ ಶೀಟಿನ ಕೊಟ್ಟಿಗೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹಸು ಬಾಯಿ ತೆರೆದು ಏದುತ್ತದೆ, ಜೊಲ್ಲು ಸುರಿಸುತ್ತದೆ; ಹಾಲು ಇಳಿಯುತ್ತದೆ. ಏದುಸಿರು ಕಣ್ಣಿಗೆ ಬೀಳುವ ಹೊತ್ತಿಗೆ ಅದರ ದೇಹ ಶಾಖದೊಡನೆ ಹೋರಾಡಲು ತೊಡಗಿ ಬಹಳ ಸಮಯವಾಗಿರುತ್ತದೆ. ಅದನ್ನು ಮೊದಲೇ ತಿಳಿಯುವುದು ಹೇಗೆ?

ಮೊದಲ ಉಪಾಯ ಉಷ್ಣತಾಮಾಪಕ. 1944ರಲ್ಲಿ ಎ.ಓ. ರೋಡ್ ಎಂಬ ಅಮೆರಿಕದ ವಿಜ್ಞಾನಿ 'ಐಬೀರಿಯಾ ಪರೀಕ್ಷೆ'ಯನ್ನು ಪ್ರಕಟಿಸಿದರು. ಬಿಸಿಲಿನಲ್ಲಿ ನಿಲ್ಲಿಸಿದ ರಾಸಿನ ಗುದದ ಉಷ್ಣತೆಯನ್ನು ಬೆಳಿಗ್ಗೆ 10ಕ್ಕೂ ಮಧ್ಯಾಹ್ನ 3ಕ್ಕೂ ಅಳೆದು, ಸರಾಸರಿಯು 101° ಫ್ಯಾರನ್‌ಹೀಟ್‌ಗಿಂತ ಎಷ್ಟು ಹೆಚ್ಚಿದೆಯೋ ಅದರ ಹತ್ತರಷ್ಟನ್ನು 100ರಿಂದ ಕಳೆಯುವುದು. 103° ಬಂದರೆ 80 ಅಂಕ. ಸರಳವೇನೋ ಹೌದು, ದಿನವೂ ಮಾಡುವವರು ಯಾರು?

ಆದ್ದರಿಂದ ಪ್ರಾಣಿಯನ್ನು ಬಿಟ್ಟು ಗಾಳಿಯನ್ನು ಅಳೆಯುವ ದಾರಿ ಬಂತು. ಗಾಳಿಯ ಉಷ್ಣತೆ ಮೈ ಉಷ್ಣತೆಗೆ ಸಮೀಪಿಸಿದಾಗ ವಹನ, ಸಂವಹನ, ವಿಕಿರಣಗಳಿಂದ ಶಾಖ ಹೊರಹೋಗದು. ಉಳಿಯುವುದು ಬಾಷ್ಪೀಕರಣವೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದಕ್ಕೂ ತಡೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಅರ್ಲ್ ಥಾಮ್ ಮನುಷ್ಯರಿಗೆಂದು ರೂಪಿಸಿದ ಸೂಚ್ಯಂಕವನ್ನು ಕೆಲವೇ ವರ್ಷಗಳಲ್ಲಿ ಮಿಸೌರಿಯ ಸಂಶೋಧಕರು ಹಸುಗಳಿಗೆ ಅನ್ವಯಿಸಿದರು. ನೀವೂ ಲೆಕ್ಕ ಹಾಕಬಹುದು: ಒಣ ಮತ್ತು ಒದ್ದೆ ಬಲ್ಬುಗಳ ಸೆಲ್ಸಿಯಸ್ ಉಷ್ಣತೆಗಳನ್ನು ಕೂಡಿಸಿ, 0.72ರಿಂದ ಗುಣಿಸಿ, 40.6 ಸೇರಿಸಿ. 34 ಮತ್ತು 22 ಇದ್ದರೆ ಸುಮಾರು 81. ಹೋಲ್‌ಸ್ಟೀನ್ ಹಸುವಿಗೆ 72 ದಾಟಿದರೆ ಒತ್ತಡವೆಂದು ಬಹುಕಾಲ ನಂಬಲಾಗಿತ್ತು. ಹೆಚ್ಚು ಹಾಲು ಕೊಡುವ ಹಸುವಿಗೆ 68ರಲ್ಲೇ ತೊಂದರೆಯೆಂದು 2009ರಲ್ಲಿ ಅರಿಜೋನಾದ ಸಂಶೋಧಕರು ತಿದ್ದಿದರು.

ಆದರೆ ಗಮನಿಸಿ, ಒಂದೇ ಕೊಟ್ಟಿಗೆಯಲ್ಲಿ ನಿಂತ ಹಳ್ಳಿಕಾರ್ ಹಸುವಿಗೂ ಹೋಲ್‌ಸ್ಟೀನ್ ಹಸುವಿಗೂ ಈ ಲೆಕ್ಕ ಒಂದೇ ಅಂಕ ಕೊಡುತ್ತದೆ! ಅದು ಗಾಳಿಯ ಅಂಕ, ಹಸುವಿನದಲ್ಲ.

ಹಸುವಿಗೇ ಉಪಕರಣ ತೊಡಿಸುವ ಪ್ರಯತ್ನ ಆರಂಭವಾದದ್ದು ಬೇರೆ ಕಾರಣಕ್ಕೆ. ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ. ಕಾಲಿಗೆ ಕಟ್ಟಿದ ಹೆಜ್ಜೆಮಾಪಕದಿಂದ ಅದನ್ನು ಗುರುತಿಸಬಹುದೆಂದು 1977ರಲ್ಲಿ ಅಮೆರಿಕದ ಕಿಡ್ಡಿ ವರದಿ ಮಾಡಿದರು. ಮುಂದೆ ವೇಗೋತ್ಕರ್ಷ ಸಂವೇದಕಗಳು ಅಗ್ಗವಾದಂತೆ ಮಲಗುವುದು, ನಿಲ್ಲುವುದು, ಮೆಲುಕು ಹಾಕುವುದು ಎಲ್ಲವೂ ದಾಖಲಾಗತೊಡಗಿದವು. ಬಿಸಿಲೇರಿದಂತೆ ಹಸು ಮೆಲುಕು ಕಡಿಮೆ ಮಾಡಿ ನಿಂತೇ ಇರುತ್ತದೆ. ಬೆಂಗಳೂರಿನಲ್ಲಿಯೇ 2011ರಲ್ಲಿ ಆರಂಭವಾದ ಸ್ಟೆಲ್ಲಾಪ್ಸ್ ಕಂಪನಿ 'ಮೂಆನ್' ಎಂಬ ಕಾಲುಪಟ್ಟಿಯನ್ನು ತಯಾರಿಸಿತು.

ಇಷ್ಟೆಲ್ಲ ಚಲನೆಯನ್ನೇ ಏಕೆ ನೋಡಬೇಕು, ನೇರವಾಗಿ ಉಷ್ಣತೆಯನ್ನೇ ಅಳೆಯಬಾರದೆ ಎಂದು ನಿಮ್ಮ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಿವಿಯ ಓಲೆಯಲ್ಲಿರುವ ಸಂವೇದಕ ಅಳೆಯುವುದು ಚರ್ಮವನ್ನು. ಬಿಸಿಲು ನೇರ ಬಿದ್ದರೆ ಓಲೆಯನ್ನೇ! ಜಠರದೊಳಗೆ ಇಳಿಬಿಟ್ಟ ಗುಳಿಗೆ ಒಳ ಉಷ್ಣತೆಯನ್ನು ತೋರಿಸುತ್ತದೆ, ಆದರೆ ಹುದುಗುವಿಕೆಯಿಂದಾಗಿ ಅಲ್ಲಿ ಸುಮಾರು ಅರ್ಧ ಡಿಗ್ರಿ ಹೆಚ್ಚು. ಹಸು ನೀರು ಕುಡಿದೊಡನೆ ಅಂಕ ದಿಢೀರನೆ ಕುಸಿಯುತ್ತದೆ. ಬಾಯಾರಿದ ಹಸುವೇ ಹೆಚ್ಚು ಕುಡಿಯುವುದು ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ತೊಡಕು ಎಚ್ಚರಿಕೆಯ ಗಡಿ. ಅದು ವಿದೇಶಿ ತಳಿಗಳ ಮೇಲೆ ನಿಗದಿಯಾದದ್ದು. ನಮ್ಮ ತಳಿಗಳ ಗಡಿಯನ್ನು ಇಲ್ಲಿಯೇ ಅಳೆಯಬೇಕು. ಹೊಸೂರು ರಸ್ತೆಯ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಉಸ್ಮಾನಾಬಾದಿ, ಮಲಬಾರಿ, ಸೇಲಂ ಕಪ್ಪು ಆಡುಗಳನ್ನು ಶಾಖಕ್ಕೆ ಒಡ್ಡಿ ಹೋಲಿಸಿದಾಗ, ಸೇಲಂ ಕಪ್ಪು ತಳಿ ಹೆಚ್ಚು ತಾಳಿಕೊಂಡಿತು. ಹೋಲ್‌ಸ್ಟೀನ್ ರಕ್ತ ಬೆರೆತ ಬೇಗೂರಿನ ಹಸುವಿಗೆ ಬೇಕಾದ ಗಡಿ ಹಳ್ಳಿಕಾರ್‌ನದೂ ಅಲ್ಲ, ಅರಿಜೋನಾದ್ದೂ ಅಲ್ಲ. ಅಂಥ ಹಸುವಿಗೆ ಪಟ್ಟಿ ಕಟ್ಟಿದ ಮೇಲೆ, ಅದರ ಇಂದಿನ ಮೆಲುಕನ್ನು ಅದರದೇ ತಂಪು ದಿನಗಳ ಮೆಲುಕಿನೊಡನೆ ಹೋಲಿಸುವುದು ಹೆಚ್ಚು ನಂಬಲರ್ಹವಾದ ಕ್ರಮ.