ಎರಡು ಪರದೇಶಿ ವಾದ್ಯಗಳು, ಒಂದು ಅರಿಸಮಾಸ

ನಂಜನಗೂಡಿನ ಸೋಪಾನಗಳನ್ನು ತೊಳೆದು ಮುಂದೆ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಕಣ್ಣಿಗೆ ಕಾಣುವ ಈ ಎರಡು ನದಿಗಳ ಜೊತೆಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿಕೊಂಡು ಹಿರಿಯರು ಅದನ್ನು ತ್ರಿವೇಣಿಯೆಂದು ಕರೆದರು. ಜಾಝ್ ಎಂಬ ಅಮೆರಿಕದ ಸಂಗೀತದ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ನನ್ನ ಮನಸ್ಸು ನ್ಯೂ ಆರ್ಲಿಯನ್ಸಿಗೆ ಹೋಗದೆ ಮೊದಲು ಈ ಸಂಗಮಕ್ಕೇ ಹೋಯಿತು. ಕನ್ನಡ ಮೇಷ್ಟರ ಹಟವೆಂದು ಶ್ರೋತೃಗಳು ಕ್ಷಮಿಸಬೇಕು.

ಈ ಸಂಗಮದ ಊರಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ತಮ್ಮ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತವೂ ‘ತ್ರಿಮಕುಟ’ವೇ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಕಠಿಣವಾದ ಶಿಕ್ಷಣ ಪಡೆದು, ಕರ್ನಾಟಕ ಸಂಗೀತದ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿ, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಎನಿಸಿಕೊಂಡರು. ಅವರಿಗೂ ಜಾಝಿಗೂ ನೇರವಾದ ನಂಟು ಏನೂ ಇಲ್ಲ. ಆದರೆ ಜಾಝ್ ವಾದಕರ ಮುಂದೆ ಬಂದು ನಿಂತ ಒಂದು ಪ್ರಶ್ನೆ ಚೌಡಯ್ಯನವರ ಮುಂದೆಯೂ ನಿಂತಿತ್ತು: ಹೊರಗಿನಿಂದ ಬಂದ ವಾದ್ಯವೊಂದು ನಮ್ಮದಾಗುವುದು ಯಾವಾಗ?

ಪಿಟೀಲು ಐರೋಪ್ಯರದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರೆಂಬುದು ಎಲ್ಲರೂ ಒಪ್ಪಿದ ಮಾತು. ಯೂರೋಪಿನವನು ನಿಂತು ಗದ್ದಕ್ಕೆ ಒತ್ತಿ ಹಿಡಿಯುವ ಈ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ತುದಿಯನ್ನು ಪಾದಕ್ಕೆ ಆನಿಸಿ ಹಿಡಿದರು. ಶ್ರುತಿಯನ್ನು ಷಡ್ಜ ಪಂಚಮಗಳಿಗೆ ಬದಲಿಸಿದರು. ಕೈ ತಂತಿಯ ಮೇಲೆ ಜಾರಲು ಬಿಡುವಾಗಿ, ಗಮಕಗಳು ಹರಿದುಬಂದವು. ಚೌಡಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1920ರ ದಶಕದಲ್ಲಿ ನಮ್ಮ ಕಚೇರಿಗಳಿಗೆ ಮೈಕು ಇನ್ನೂ ಬಂದಿರಲಿಲ್ಲ. ಸಾವಿರಾರು ಜನ ಸೇರಿದ ಚಪ್ಪರದಲ್ಲಿ ಹಿಂದೆ ಕುಳಿತವನಿಗೆ ಗಾಯಕನ ಕಂಠ ಕೇಳಿದರೂ ಪಿಟೀಲು ಕೇಳುತ್ತಿರಲಿಲ್ಲ. ಆ ದಶಕದ ಉತ್ತರಾರ್ಧದಲ್ಲಿ ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕಟ್ಟಿ ಏಳು ಮಾಡಿದರು. ನಾದ ತುಂಬಿ ಬಂತು. ಸಂಪ್ರದಾಯಸ್ಥರಲ್ಲಿ ಮೂಗು ಮುರಿದವರೂ ಇದ್ದರು, ಕೊನೆಗೆ ತಲೆದೂಗಿದವರೂ ಇದ್ದರು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನು ತನ್ನ ‘ಹಾಟ್ ಫೈವ್’ ಮೇಳದೊಡನೆ ಧ್ವನಿಮುದ್ರಿಕೆಗಳನ್ನು ಮಾಡುತ್ತಿದ್ದನು, ಮೊದಲನೆಯದು 1925ರಲ್ಲಿ. ಗುಲಾಮರ ಮಕ್ಕಳು, ಮೊಮ್ಮಕ್ಕಳು ಸೈನ್ಯದ ಬ್ಯಾಂಡಿನ ತುತ್ತೂರಿ, ಕ್ಲಾರಿನೆಟ್ಟುಗಳನ್ನು ಎತ್ತಿಕೊಂಡು, ಅವುಗಳಿಂದ ತಮ್ಮ ಅಳಲನ್ನೂ ಕುಣಿತವನ್ನೂ ಹೊರಡಿಸಿದ ಸಂಗೀತ ಅದು. ಕಂಠದಂತೆ ಬಳುಕಬೇಕು, ನರಳಬೇಕು ಎಂದು ಅವರು ಆ ಲೋಹಕ್ಕೆ ಆಣತಿಯಿತ್ತರು. ನಮ್ಮ ಪಿಟೀಲಿಗೆ ನಾವು ಕೊಟ್ಟ ಆಣತಿಯೂ ಇದೇ ಅಲ್ಲವೆ?

ಧ್ವನಿಮುದ್ರಿಕೆಯ ವಿಷಯಕ್ಕೆ ಬಂದರೆ ಇಬ್ಬರ ಕಷ್ಟವೂ ಒಂದೇ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಯಬೇಕಾದ ಮನೋಧರ್ಮ ಆ ಮೂರು ನಿಮಿಷದಲ್ಲಿ ಮುದುಡಿ ಕುಳಿತುಕೊಳ್ಳಬೇಕಾಯಿತು. ಭಾರತದಲ್ಲಿ 1902ರಲ್ಲಿ ಮೊದಮೊದಲ ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಆಕೆ ತನ್ನ ಕಡೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ, ಅರಮನೆಯ ಗಾಯಕಿಯಾಗಿ. ಇನ್ನು ಚೌಡಯ್ಯನವರ ಏಳು ತಂತಿಯ ವೈಭವ ತಟ್ಟೆಯಲ್ಲಿ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅದು ಇದ್ದದ್ದು ಚಪ್ಪರದ ಕೊನೆಯ ಸಾಲಿನ ಮನುಷ್ಯನಿಗಾಗಿ; ತಟ್ಟೆಯ ಮುಂದೆ ಎಲ್ಲರೂ ಮೊದಲ ಸಾಲಿನವರೇ. ಮೈಕು ಬಂದ ಮೇಲೆ ಏಳು ತಂತಿ ಹೆಚ್ಚು ಮಂದಿಯ ಕೈಗೆ ಹತ್ತಲಿಲ್ಲ. ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಅವರ ಸ್ಮರಣಾರ್ಥ ಬೆಂಗಳೂರಿನಲ್ಲಿ 1980ರ ಸುಮಾರಿಗೆ ಎದ್ದ ಭವನದ ಆಕಾರ ಮಾತ್ರ ಏಳು ತಂತಿಯ ಪಿಟೀಲಿನದೇ.

ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತವೂ ಮನೆಮಾಡಿತ್ತು. ಜರ್ಮನಿಯ ಆಟೊ ಷ್ಮಿಟ್ ಅರಮನೆಯ ವಾದ್ಯಗೋಷ್ಠಿಯನ್ನು ನಡೆಸಿದ್ದನು. ಜಯಚಾಮರಾಜ ಒಡೆಯರು ರಷ್ಯದ ಮೆಡ್ಟ್‌ನರನ ಕೃತಿಗಳನ್ನು ತಮ್ಮ ಹಣದಿಂದಲೇ ಲಂಡನ್ನಿನಲ್ಲಿ ಮುದ್ರಿಸಿಸಿದರು. ಕೃತಜ್ಞನಾದ ಆತ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಇಂಥ ಅರಮನೆಯ ಬ್ಯಾಂಡನ್ನು ಕೇಳಿದ ಹುಡುಗನೊಬ್ಬ ಅದರ ಸ್ಯಾಕ್ಸೊಫೋನಿಗೆ ಮರುಳಾದನು. ಅವನೇ ದಕ್ಷಿಣ ಕನ್ನಡದ ಸಜೀಪಮೂಡದ ಗೋಪಾಲನಾಥ, ಮುಂದೆ ಕದ್ರಿ ಗೋಪಾಲನಾಥರು. ತಂದೆ ನಾಗಸ್ವರದವರು.

ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ ಇದು. ಪಿಟೀಲಿಗಿಂತ ಇದರ ಹಟ ಹೆಚ್ಚು. ಪಿಟೀಲಿನಲ್ಲಿ ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಸ್ಯಾಕ್ಸೊಫೋನಿನಲ್ಲಿ ಪ್ರತಿ ಸ್ವರಕ್ಕೂ ಕೀಲಿಯುಂಟು, ಕೀಲಿಗಳ ನಡುವೆ ಮೆಟ್ಟಿಲೇ ಹೊರತು ಇಳಿಜಾರಿಲ್ಲ. ತೋಡಿಯ ಗಾಂಧಾರವನ್ನು ಅದರಲ್ಲಿ ಅಲುಗಿಸುವುದೆಂದರೆ ತುಟಿ, ಉಸಿರು, ಬೆರಳು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಬಳಿಕ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಇವರ ಬಳಿ ಕಲಿತು ಅದನ್ನು ವಶಮಾಡಿಕೊಳ್ಳಲು ಅವರಿಗೆ ಇಪ್ಪತ್ತು ವರ್ಷಗಳೇ ಹಿಡಿದವೆನ್ನುತ್ತಾರೆ. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ವೇದಿಕೆಯಲ್ಲಿ ಅವರ ಜೊತೆಗೂಡಿದನು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮನೇಡ್ ಕಚೇರಿಗೆ ಅವರಿಗೆ ಕರೆ ಬಂತು. 2019ರಲ್ಲಿ ಅವರು ಗತಿಸಿದರು.

ಇಲ್ಲಿ ನನ್ನ ವಿಷಯಕ್ಕೆ ಸೇರಿದ ಮಾತೊಂದನ್ನು ಹೇಳಬೇಕು. ಸಂಸ್ಕೃತ, ಕನ್ನಡ ಶಬ್ದಗಳನ್ನು ಬೆರೆಸಿ ಸಮಾಸ ಮಾಡಿದರೆ ಅದು ಅರಿಸಮಾಸ. ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುತ್ತದೆಂದು ಕವಿರಾಜಮಾರ್ಗಕಾರನು ಎಚ್ಚರಿಸುತ್ತಾನೆ. ಆದರೆ ಕೇಶಿರಾಜನು, ನಿಯಮವನ್ನು ಬಿಡದೆಯೇ, ಬಿರುದಾವಳಿಗಳಲ್ಲಿ ಮತ್ತು ಹಿಂದಿನ ಕವಿಗಳು ಒಪ್ಪಿದ ಪ್ರಯೋಗಗಳಲ್ಲಿ ಅದಕ್ಕೆ ಎಡೆಕೊಡುತ್ತಾನೆ. ಜಾಝ್ ಮತ್ತು ರಾಗಸಂಗೀತಗಳ ಬೆರಕೆಯನ್ನು ಕೇಳುವಾಗಲೆಲ್ಲ ನನಗೆ ಈ ಸೂತ್ರ ನೆನಪಾಗುತ್ತದೆ. ಒಂದೇ ತೂಕಡಿ ಇಬ್ಬರಿಗೂ ಹಿಡಿಸದು. ಜಾಝ್ ವಾದಕನು ಮೊದಲೇ ಗೊತ್ತಾದ ಸ್ವರಗುಚ್ಛಗಳ ಸಾಲಿನ ಮೇಲೆ ಹೊಸ ಹೊಸ ರಾಗರೇಖೆಗಳನ್ನು ಕಟ್ಟುತ್ತಾನೆ; ಗುಚ್ಛ ಬದಲಾದಾಗ ಅವನ ನೆಲೆಯೂ ಬದಲಾಗುತ್ತದೆ. ನಮ್ಮವನ ಆಧಾರಷಡ್ಜ ಅಲುಗುವುದೇ ಇಲ್ಲ. ಅವನ ಸಾಹಸವೆಲ್ಲ ರಾಗದೊಳಗೆ, ತಾಳದೊಳಗೆ. 1959ರಲ್ಲಿ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಗುಚ್ಛಗಳನ್ನು ಕಡಿಮೆ ಮಾಡಿ ಒಂದೇ ಸ್ವರಶ್ರೇಣಿಯಲ್ಲಿ ಬಹುಕಾಲ ನಿಂತಿತು. ಅದರಲ್ಲಿ ನುಡಿಸಿದ್ದ ಜಾನ್ ಕೋಲ್ಟ್ರೇನ್ 1961ರಲ್ಲಿ ‘ಇಂಡಿಯಾ’ ಎಂಬ ರಚನೆಯನ್ನೇ ಮುದ್ರಿಸಿದನು. ಆದರೂ ಅದು ದೂರದ ದರ್ಶನ, ಗಮಕವಿಲ್ಲದ ಶ್ರೇಣಿ.

ಹತ್ತಿರ ಬಂದು ಕುಳಿತವನು ಚಾರ್ಲಿ ಮರಿಯಾನೊ. ಬಾಸ್ಟನ್ ನಗರದವನು, ಮಲೇಶಿಯದಲ್ಲಿದ್ದಾಗ ನಾಗಸ್ವರವನ್ನೇ ಕಲಿತನು. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯೊಡನೆ ಅವನು 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದ ‘ಜ್ಯೋತಿ’ಯನ್ನು ಕೇಳಿ ನೋಡಿ. ಆರ್.ಎ. ರಮಾಮಣಿಯವರ ಕಂಠ, ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು. ಸ್ಯಾಕ್ಸೊಫೋನ್ ಇವುಗಳ ಮೇಲೆ ಸವಾರಿ ಮಾಡುವುದಿಲ್ಲ, ಹಾಡಿನ ಪಕ್ಕದಲ್ಲಿ ನಡೆಯುತ್ತದೆ. ಮಜ್ಜಿಗೆ ಬಿದ್ದರೂ ಹಾಲು ಒಡೆಯದ ವಿರಳ ಸಂದರ್ಭ ಇದು. ‘ಫ್ಯೂಷನ್’ ಎಂಬ ಹೆಸರಿನಲ್ಲಿ ವೇಗವನ್ನೇ ರಸವೆಂದು ಭ್ರಮಿಸುವ ಅನೇಕ ಮುದ್ರಿಕೆಗಳಿಗೆ ನಾನು ಈ ಮಾತನ್ನು ಹೇಳಲಾರೆ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಕಥೆಯೂ ಒಂದುಂಟು. ರುದ್ರೇಶ್ ಮಹಾಂತಪ್ಪನು ಕರ್ನಾಟಕದಿಂದ ವಲಸೆ ಹೋದ ಮನೆತನದ ಮಗ, ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ. ಅವನ ಅಣ್ಣ ತಮಾಷೆಗೆಂದು ಅವನ ಕೈಗೆ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಮುದ್ರಿಕೆಯನ್ನಿಟ್ಟನಂತೆ, ಅದು ಗೋಪಾಲನಾಥರದು. ತಮಾಷೆ ಅಲ್ಲಿಗೆ ನಿಂತಿತು. 2008ರಲ್ಲಿ ಅವರಿಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯನ್ನು ತಂದರು, ಪಿಟೀಲಿನಲ್ಲಿ ಎ. ಕನ್ಯಾಕುಮಾರಿ. ಆ ಹೆಸರಿಗೆ ಕನ್ನಡದಲ್ಲಿ ‘ದಾಯಾದಿಗಳು’ ಎಂದರೆ ಜಗಳ ನೆನಪಾಗುತ್ತದೆ, ‘ನೆಂಟರು’ ಎನ್ನೋಣ. ಒಂದೇ ವಾದ್ಯ, ಎರಡು ಮಾತು. ಒಬ್ಬರು ಸ್ವರವನ್ನು ಬಳುಕಿಸುತ್ತಾರೆ, ಇನ್ನೊಬ್ಬರು ಅದನ್ನು ಕಡಿದು ಕಡಿದು ಎಸೆಯುತ್ತಾರೆ.

ಗೋಪಾಲನಾಥರ ವಿಜಯದ ಬೆಲೆಯನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾದೀತು. ಕೆಲವು ವರ್ಷಗಳ ಹಿಂದೆ ತಿರುಮಕೂಡಲು ನರಸೀಪುರದ ಒಂದು ಮದುವೆಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ವಾಲಗದವರು ಎದ್ದು ಗಟ್ಟಿಮೇಳ ನುಡಿಸಿದರು. ಡೋಲಿನ ಪಕ್ಕದಲ್ಲಿ ಹೊಳೆಯುತ್ತಿದ್ದುದು ನಾಗಸ್ವರವಲ್ಲ, ಸ್ಯಾಕ್ಸೊಫೋನು. ಊಟವಾದ ಮೇಲೆ ಆ ತರುಣನನ್ನು ಕರೆದು ಮಾತನಾಡಿಸಿದೆ. “ನಮ್ಮಪ್ಪಾರು ನಾಗಸ್ವರವೇ ನುಡಿಸ್ತಿದ್ದಿದ್ದು, ಬುದ್ಧಿ. ಈಗ ಮದುವೆಯವರು ಇದನ್ನೇ ಕೇಳ್ತಾರೆ” ಎಂದ. ಆ ನಾಗಸ್ವರ ಎಲ್ಲಿದೆಯಪ್ಪ ಎಂದು ಕೇಳಿದೆ. ಮನೆಯ ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದೇವೆಂದೂ, ಆಯುಧಪೂಜೆಗೆ ಇಳಿಸಿ ಕುಂಕುಮ ಇಡುತ್ತೇವೆಂದೂ ಹೇಳಿ, ಇನ್ನೊಂದು ಛತ್ರಕ್ಕೆ ಹೊತ್ತಾಯಿತೆಂದು ಸ್ಯಾಕ್ಸೊಫೋನನ್ನು ಅದರ ಪೆಟ್ಟಿಗೆಗೆ ಹಾಕಿಕೊಂಡು ಹೊರಟನು.