ತಂತಿಯಿಲ್ಲದ ಪೆಟ್ಟಿಗೆಗೆ ಮೂರು ತಂತಿ

ರೇಡಿಯೋವನ್ನು ಜನ ವೈರ್‌ಲೆಸ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಆ ಪೆಟ್ಟಿಗೆ ಚೆನ್ನಾಗಿ ನುಡಿಯಬೇಕಾದರೆ ಸಾಮಾನ್ಯವಾಗಿ ಮೂರು ತಂತಿಗಳು ಬೇಕಾಗುತ್ತಿದ್ದವು: ಗೋಡೆಯಿಂದ ವಿದ್ಯುತ್ತು ತರುವುದೊಂದು, ಛಾವಣಿಯ ಮೇಲೆ ಎಳೆದ ಏರಿಯಲ್ಲಿನಿಂದ ಇಳಿದು ಬರುವುದೊಂದು, ಹಿತ್ತಲಿನ ತೇವದ ಮಣ್ಣಿಗೆ ಹೋಗಿ ಸೇರುವ ಅರ್ತ್ ತಂತಿ ಇನ್ನೊಂದು. ವಿದ್ಯುತ್ತಿಲ್ಲದ ಊರುಗಳಲ್ಲಿ ಮೊದಲನೆಯದರ ಬದಲು ಭಾರವಾದ ಬ್ಯಾಟರಿ ಇರುತ್ತಿತ್ತು. ನಿಲಯಕ್ಕೂ ಮನೆಗೂ ನಡುವಿನ ದಾರಿಯಲ್ಲಿ ತಂತಿಯಿಲ್ಲ ಎಂಬುದಷ್ಟೇ ಆ ಹೆಸರಿನ ಅರ್ಥ. ಮುಂದಿನ ದಶಕಗಳಲ್ಲಿ ಈ ಮೂರು ತಂತಿಗಳು ಒಂದೊಂದಾಗಿ ಕಳಚಿಕೊಂಡವು. ಆದರೆ ಅವುಗಳೊಂದಿಗೆ ಧ್ವನಿಯ ಗುಣದಲ್ಲಿ ಒಂದು ಅಂಶವೂ ಕಳೆದುಹೋಯಿತು. ಮನೆಗೆ ಒಳ್ಳೆಯ ಸ್ಪೀಕರ್ ಕೊಳ್ಳಲು ಹೊರಟವರು ಇಂದು ಹುಡುಕುವುದು ಬಹುಮಟ್ಟಿಗೆ ಅದನ್ನೇ.

ಭಾರತದಲ್ಲಿ ವ್ಯವಸ್ಥಿತ ಪ್ರಸಾರವನ್ನು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ಆರಂಭಿಸಿತಾದರೂ, ಕನ್ನಡ ಕೇಳಬಯಸುವವನಿಗೆ ಅದರಿಂದ ದೊಡ್ಡ ಪ್ರಯೋಜನವಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ 30 ವ್ಯಾಟಿನ ಪುಟ್ಟ ಪ್ರೇಷಕದ ಮೂಲಕ ಪ್ರಸಾರ ತೊಡಗಿದಾಗ ಆ ಕೊರತೆ ನೀಗತೊಡಗಿತು. ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಶಕ್ತಿಯಿಂದ ಒಂದು ಭಾಷೆಯ ಪ್ರಸಾರ ಪರಂಪರೆ ಮೊದಲಾಯಿತೆಂಬುದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ. ಆ ಖಾಸಗಿ ನಿಲಯಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. 1942ರಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ನಿಲಯಗಳು ತೆರೆದವು.

ಕೇಳಲು ನಿಲಯವಿದ್ದರೂ ಸೆಟ್ಟನ್ನು ಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಬೆಲೆ ತೆತ್ತು ಮನೆಗೆ ತಂದ ಮೇಲೂ ಅದಕ್ಕೆ ಲೈಸೆನ್ಸ್ ಬೇಕಿತ್ತು. 1927ರಲ್ಲಿ ವರ್ಷಕ್ಕೆ 10 ರೂಪಾಯಿಯಿದ್ದ ಈ ಶುಲ್ಕವನ್ನು ಅಂಚೆ ಕಚೇರಿಯಲ್ಲಿ ಕಟ್ಟಿ, ಅದರ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳುವ ಪದ್ಧತಿ 1980ರ ದಶಕದವರೆಗೂ ಉಳಿದುಕೊಂಡಿತ್ತು. ಹೀಗೆ ಖರ್ಚನ್ನೂ ಹೊಣೆಯನ್ನೂ ಹೊತ್ತು ಬಂದ ಪೆಟ್ಟಿಗೆಗೆ ನಡುಮನೆಯಲ್ಲಿ ಮಕ್ಕಳ ಕೈಗೆಟುಕದ ಎತ್ತರದಲ್ಲಿ ಹಲಗೆ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಸಿದ್ಧವಾಗುತ್ತಿದ್ದುದು ಸಹಜವೇ.

ಆ ಸೆಟ್ಟಿನ ಗುಬ್ಬಿಯನ್ನು ತಿರುಗಿಸಿದರೆ ಮೊದಲು ಟಕ್ಕೆಂಬ ಸದ್ದು, ಬಳಿಕ ಊರುಗಳ ಹೆಸರು ಬರೆದ ಗಾಜಿನ ಫಲಕದ ಹಿಂದೆ ಹಳದಿ ದೀಪ. ಧ್ವನಿ ಮಾತ್ರ ತಕ್ಷಣ ಬರುತ್ತಿರಲಿಲ್ಲ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ತಂತು ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುವ ವಾಲ್ವುಗಳು ಬಿಸಿಯಾಗುವವರೆಗೆ ಮನೆಮಂದಿ ಕಾಯಬೇಕಾಗಿತ್ತು. ಮೊದಲು ಮೆಲ್ಲನೆಯ ಗುಂಯ್‌ಗುಟ್ಟುವಿಕೆ, ಆಮೇಲೆ ದೂರದಿಂದ ನಡೆದು ಬಂದಂತೆ ಹಾಡು. ಮ್ಯಾಜಿಕ್ ಐ ಎಂಬ ಹಸಿರು ಕಣ್ಣಿದ್ದ ಸೆಟ್ಟುಗಳಲ್ಲಿ, ನಿಲಯ ಸರಿಯಾಗಿ ಸಿಕ್ಕಂತೆಲ್ಲ ಆ ಬೆಳಕಿನ ನಡುವಿನ ಕಪ್ಪು ಸಂದು ಕಿರಿದಾಗುತ್ತಿತ್ತು.

ಈ ಸೆಟ್ಟುಗಳ ತುಂಬುದನಿಯ ಗುಟ್ಟು ವಾಲ್ವಿನಲ್ಲಿದೆಯೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ಅದರ ದೊಡ್ಡ ಪಾಲು ಸಲ್ಲಬೇಕಾದದ್ದು ಮರಕ್ಕೆ ಮತ್ತು ಗಾತ್ರಕ್ಕೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಸ್ಪೀಕರಿನಲ್ಲಿ, ಅಯಸ್ಕಾಂತದ ಸಂದಿನಲ್ಲಿ ತೂಗುವ ತಂತಿಸುರುಳಿಯೊಂದು ಕಾಗದದ ಶಂಕುವನ್ನು ಹಿಂದೆ ಮುಂದೆ ಅಲುಗಿಸುತ್ತದೆ. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಅದೇ ತತ್ತ್ವದವು. ಶಂಕು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ತಡೆಯಿಲ್ಲದಿದ್ದರೆ ಮುಂದಿನದು ಹಿಂದಕ್ಕೆ ಸುತ್ತಿ ಹರಿದು ಒಂದನ್ನೊಂದು ಅಳಿಸಿಹಾಕುವುದರಿಂದ ಮೃದಂಗದ ಎಡದ ಮುಖದ ಮಂದ್ರ ನಾದ ಮೊದಲು ಸಾಯುತ್ತದೆ. ಅಗಲವಾದ ಮರದ ಮುಖಫಲಕ ಈ ಹರಿವನ್ನು ತಡೆಯುತ್ತಿತ್ತು. ಹೀಗಾಗಿ ಮರ್ಫಿ, ಬುಷ್ ಅಥವಾ ಫಿಲಿಪ್ಸ್ ಕಂಪನಿಯ ಸೆಟ್ಟನ್ನು ಕೊಂಡವರು ಪೀಠೋಪಕರಣದಂತೆ ಮೆರುಗುಳ್ಳ ಪೆಟ್ಟಿಗೆಗೆ ತೆತ್ತ ಹಣ ಅಲಂಕಾರಕ್ಕಷ್ಟೇ ಸಂದುದೆಂದು ಹೇಳಲಾಗದು.

1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಈ ಲೆಕ್ಕವನ್ನು ಬದಲಿಸಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಮೊದಲು ರೇಡಿಯೋ ವಾಲ್ವುಗಳನ್ನೂ, ಅದರ ಬೆನ್ನಲ್ಲೇ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿದುದು ಆ ಎರಡು ಯುಗಗಳು ಎಷ್ಟು ಹತ್ತಿರದಲ್ಲಿ ಕೂಡಿದ್ದವೆಂಬುದನ್ನು ತೋರಿಸುತ್ತದೆ. ಟಾರ್ಚಿನ ಸೆಲ್ಲುಗಳಿಂದ ನಡೆಯುವ, ಒಳಗೇ ಏರಿಯಲ್ ಅಡಗಿಸಿಕೊಂಡ ಸೆಟ್ಟು ಹೊಲದ ಬದುವಿಗೂ ಹೋಯಿತು. ರೇಡಿಯೋ ಎಲ್ಲರ ಕೈಗೆ ಬಂದದ್ದು ದೊಡ್ಡ ಲಾಭವೇ ಸರಿ. ಆದರೆ ಅಂಗೈಯಗಲದ ಸ್ಪೀಕರಿಗೂ ಪ್ಲಾಸ್ಟಿಕ್ ಕವಚಕ್ಕೂ ಮಂದ್ರವನ್ನು ಹೊರುವ ಶಕ್ತಿಯಿರಲಿಲ್ಲ. 1990ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ರೂಪುಗೊಂಡ ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೋ ವಿಧಾನ, ಹಾಡಿನ ಮೂಲಕ್ಕೂ ಸ್ಪೀಕರಿಗೂ ನಡುವಿನ ತಂತಿಯನ್ನೂ ತೆಗೆದುಹಾಕಿತು. ಇಂದಿನ ಒಳ್ಳೆಯ ನಿಸ್ತಂತು ಸ್ಪೀಕರಿನೊಳಗಿನ ಗಣಕ ಬಿಲ್ಲೆ, ಸುರುಳಿಯಿಲ್ಲದೆ ಗಾಳಿಯ ಒತ್ತಡದಿಂದಲೇ ಅಲುಗುವ ಹೆಚ್ಚುವರಿ ಪೊರೆ, ಇವೆಲ್ಲ ಹಿಂದೆ ಮರದ ಅಗಲ ಮಾಡುತ್ತಿದ್ದ ಕೆಲಸವನ್ನು ಚಿಕ್ಕ ಗೂಡಿನಲ್ಲಿ ಮಾಡಿಸುವ ಪ್ರಯತ್ನಗಳು.

ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಅನೇಕವಕ್ಕೆ ಹಿಂಬದಿಯಲ್ಲಿ ಎರಡು ಸಣ್ಣ ರಂಧ್ರಗಳಿರುತ್ತಿದ್ದವು. ಗ್ರಾಮಾಫೋನಿನ ಪಿಕಪ್ಪಿನಿಂದ ಬರುವ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರೆ ತಟ್ಟೆಯ ಹಾಡು ರೇಡಿಯೋದ ಸ್ಪೀಕರಿನಲ್ಲಿಯೇ ಕೇಳುತ್ತಿತ್ತು. ಅಜ್ಜನ ಕಾಲದ ಸೆಟ್ಟನ್ನು ರಿಪೇರಿ ಮಾಡಿಸಿ ಉಳಿಸಿಕೊಂಡವರು ಇಂದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಲೂಟೂತ್ ಗ್ರಾಹಕವನ್ನು ಅದೇ ರಂಧ್ರಗಳಿಗೆ ಜೋಡಿಸಿ, ವಾಲ್ವ್ ಬಿಸಿಯಾಗುವವರೆಗೆ ಕಾದು, ಫೋನಿನಲ್ಲಿರುವ ಹಾಡನ್ನು ಆ ಮರದ ಪೆಟ್ಟಿಗೆಯಿಂದ ಕೇಳುತ್ತಾರೆ.